ಎಲೆಸಂಚಿಯ ಮಾತ್ರೆಗಳು

ಒಳ್ಳೆಯ ಬಂಗುಡೆ ಮೀನು ಒಂದರ ಬೆಲೆಗೆ ಒಂದು ಸ್ಟ್ರಿಪ್ ತುರಿಕೆ ಮಾತ್ರೆ ಬರುತ್ತಿತ್ತು. ಐಸು, ಉಪ್ಪುನೀರಿನಲ್ಲಿ ಬೆಂದು ಬೆರಳ ಸಂದಿಯೆಲ್ಲ ಬಿಳಿಚಿಕೊಂಡಿದ್ದ, ಮನೆಮನೆಗೆ ಬುಟ್ಟಿ ಹೊರುವ ನಮ್ಮೂರ ಮೀನಿನ ಅಕ್ಕನಿಗೆ ಅದಿಲ್ಲದೆ ರಾತ್ರಿ ನಿದ್ದೆಯಿಲ್ಲ. ಅಗ್ಗದ ಮಾಲು ಎಂದೇ ನಾವೆಲ್ಲ ತಿಳಿದಿದ್ದೆವು.

ಕೋಟೇಶ್ವರದಲ್ಲಿ ನಾನು ಮೀನೂಟದ ಹೋಟೆಲು ತೆರೆದಾಗ ಮೊದಲ ಬುಟ್ಟಿ ಇಳಿಸಿದವಳು ಅವಳೇ. ಬೆಲೆ ಕೇಳಿ ನಾನು ಅವಳ ಮುಖ ಓದಲು ನೋಡಿದರೆ, "ಮೀನಿನ್ ಕಣ್ಣ್ ಕಾಣಿ ಶೆಟ್ರೆ, ನನ್ನ್ ಮುಖ ಎಂತಕ್ ಕಾಂತ್ರಿ?" ಎಂದು ನಗುತ್ತಿದ್ದಳು. ಮುಂದೆ ಜಾಗ, ಫ್ರಿಜ್ಜು, ಹಳೇ ಜೀಪು, ಏನೇ ಕೊಂಡರೂ, ಮಾರುವವರ ಮುಖವಲ್ಲ, ಮಾಲು ನೋಡಿ ಎಂಬ ಆ ಮಾತೇ ನನ್ನನ್ನು ಕಾಪಾಡಿತು.

ಯಾರ ಮನೆಗೆ ಯಾವ ಮೀನು, ಯಾರ ಸೊಸೆ ಬಸುರಿ, ಎಲ್ಲ ಅವಳಿಗೆ ಬಾಯಿಪಾಠ. "ಹ್ವಾಯ್!" ಎಂಬ ಅವಳ ಕೂಗು ಭಟ್ರ ಮನೆಯ ಗೇಟು ಬಂದಾಗ ಮಾತ್ರ ನಿಲ್ಲುತ್ತಿತ್ತು. ಬುಟ್ಟಿಯ ಮೇಲೆ ಬಾಳೆಲೆ ಎಳೆದುಕೊಂಡು, ತುಟಿ ಬಿಗಿದು ದಾಟಿಬಿಡುತ್ತಿದ್ದಳು.

ಅಂಥವಳು ಒಂದು ದಿನ ಭಟ್ರ ಮನೆಯ ಜಗಲಿಯ ಮೇಲೆಯೇ ಬುಟ್ಟಿ ಇಳಿಸಿ, "ಅಮ್ಮಾ, ಬಂಗ್ಡೆ ಫ್ರೆಶ್ ಇತ್ತ್" ಎಂದಳು. ಭಟ್ರ ಹೆಂಡತಿ ಬೈಯಲಿಲ್ಲ. "ಇವತ್ತ್ ಬ್ಯಾಡ ಮಾರಾಯ್ತಿ, ನಾಳೆ ತಕಂತೆ" ಎಂದರು. ಮರುದಿನವೂ ಬುಟ್ಟಿ ಅಲ್ಲೇ ಇಳಿಯಿತು. ಅವರು ಮತ್ತೆ "ನಾಳೆ" ಎಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೆ ಫೋನು ಮಾಡಿದರು.

ವಯಸ್ಸಾಯಿತು, ಅರಳುಮರಳು ಎಂದರು ಊರವರು. ನನಗೆ ಒಪ್ಪಿಗೆಯಾಗಲಿಲ್ಲ. ಅವಳನ್ನೂ ಅವಳ ಮಗಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕುಂದಾಪುರದ ಡಾಕ್ಟರರಲ್ಲಿಗೆ ಕರೆದೊಯ್ದೆ. "ನುಂಗುವುದನ್ನೆಲ್ಲ ತೋರಿಸಿ" ಎಂದರು ಅವರು. ಅಕ್ಕ ಎಲೆಸಂಚಿ ಮೇಜಿನ ಮೇಲೆ ಸುರಿದಳು. ವೀಳ್ಯ, ಅಡಿಕೆ ಹೋಳು, ಸುಣ್ಣದ ಡಬ್ಬಿ. ಅವುಗಳ ನಡುವೆ ಮಾತ್ರೆಗಳು: ತುರಿಕೆಯದು, ನಿದ್ದೆಯದು, ಜೊತೆಗೆ ಮೂತ್ರ ತಡೆಯಲೊಂದು.

"ಅದ್ ಎಂತಕ್ಕಮ್ಮ?" ಎಂದಳು ಮಗಳು, ಕೊನೆಯದನ್ನು ತೋರಿಸಿ.

"ಬುಟ್ಟಿ ಹೊತ್ಕಂಡ್ ದಿನಾ ತಿರ್ಗುವ ಹೆಂಗ್ಸಿಗೆ ದಾರಿ ಮೇಲೆ ಒಂದಕ್ಕೆ ಕೂಕಂಬುಕೆ ಜಾಗ ಎಲ್ಲಿತ್ತ್?"

ಯಾರೋ ಯಾವಾಗಲೋ ಬರೆದುಕೊಟ್ಟಿದ್ದು. ಹಳೇ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ಲಿನಲ್ಲಿ ಹೊಸದು ಸಿಗುತ್ತಿತ್ತು. ಡಾಕ್ಟರು ಹೇಳಿದರು: "ಮರೆವಿಗೆ ಇವೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇಂಥವು ಎರಡು ಮೂರು ಸೇರಿದರೆ ವಯಸ್ಸಾದವರ ತಲೆಗೆ ಮಂಕು ಕವಿಯುತ್ತದೆ. ವರ್ಷಗಟ್ಟಲೆ ನುಂಗಿದವರಿಗೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚು ಎಂಬ ಅನುಮಾನವೂ ಇದೆ." ಒಮ್ಮೆಲೇ ನಿಲ್ಲಿಸದೆ, ನಿಧಾನವಾಗಿ ಕಡಿಮೆ ಮಾಡಿಸಿದರು. ಕೈಗೆ ಮುಲಾಮು ಕೊಟ್ಟರು.

ಮಂಕು ಸ್ವಲ್ಪ ಹರಿಯಿತು. ಒಂದು ಬೆಳಿಗ್ಗೆ ಬರಿಗೈಯಲ್ಲಿ ಹೋಟೆಲಿಗೆ ಬಂದವಳು ಬೇರೆಯವರಿಂದ ನಾನು ಕೊಂಡಿದ್ದ ಮೀನು ನೋಡಿ, "ಇದ್ ನಿನ್ನೆದ್ ಮೀನ್! ಯಾರ್ ಟೊಪ್ಪಿ ಹಾಕ್ರ್ ನಿಮ್ಗೆ?" ಎಂದಳು. ಇಡೀ ಹೋಟೆಲು ನಕ್ಕಿತು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಭಟ್ರ್ ಮನಿ ಜಗ್ಲಿ ಮೇಲೆ ಬುಟ್ಟಿ ಇಳ್ಸಿದ್ದೆ ಅಂತ್ರಲೆ ಊರವ್ರ್, ಹೌದಾ ಶೆಟ್ರೆ?" ನಾನು ಇಲ್ಲವೆಂದೆ. ಅವಳು ನಂಬಲಿಲ್ಲ.

ಆ ತಿಳಿವು ಹೆಚ್ಚು ದಿನ ಉಳಿಯಲಿಲ್ಲ. ಮರೆವು ಮತ್ತೆ ಬಂತು, ಈ ಸಲ ಮಾತ್ರೆಯಿಲ್ಲದೆಯೇ ಬಂತು. ಹೋದ ಮಳೆಗಾಲದಲ್ಲಿ ಅವಳು ತೀರಿಕೊಳ್ಳುವ ಮುಂಚೆ ನೋಡಲು ಹೋಗಿದ್ದೆ. ಕೈ ಹಿಡಿದುಕೊಂಡಳು. ಬೆರಳುಗಳು ಒಣಗಿ ಮೆತ್ತಗಾಗಿದ್ದವು, ಮೀನಿನ ವಾಸನೆಯೇ ಇರಲಿಲ್ಲ. ಮುಖ ನೋಡಬೇಡಿ ಎಂದು ನನಗೆ ಕಲಿಸಿದವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹುಡುಕಿದರೂ ನಾನು ಅವಳಿಗೆ ಸಿಗಲಿಲ್ಲ.

ಮೀನಿಗೆ ಚೌಕಾಸಿ ಮಾಡುವವರು ನೀವು, ಮಾತ್ರೆಗೂ ಮಾಡಿ. ಮನೆಯ ಹಿರಿಯರ ಸಂಚಿ, ತಲೆದಿಂಬಿನಡಿ, ದೇವರ ಗೂಡು, ಎಲ್ಲ ಹುಡುಕಿ ಡಾಕ್ಟರರ ಮೇಜಿಗೆ ಸುರಿಯಿರಿ. ಇದು ಈಗಲೂ ಬೇಕಾ, ಬದಲಿಗೆ ಬೇರೆ ಇದೆಯಾ ಎಂದು ಕೇಳಿ. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ. ನಾಳೆ ಕೇಳಿದರಾಯಿತು ಎನ್ನಲೂಬೇಡಿ. ಆ ಮಾತು ಭಟ್ರ ಮನೆಯ ಅಮ್ಮನ ಬಾಯಲ್ಲಿ ಮಾತ್ರ ಚೆನ್ನಾಗಿತ್ತು.