ಸೀದ ಕಾಫಿಪುಡಿ, ಊರಿನ ದಾಕ್ಷಿಣ್ಯ

ಮೊನ್ನೆ ಚಿಕ್ಕಮಗಳೂರಿನ ನನ್ನ ರೂಮಿನಲ್ಲಿ ಬಾಣಲೆಗೆ ಕಾಫಿ ಬೀಜ ಹಾಕಿ ಹುರಿಯುತ್ತಿದ್ದೆ. ಫೋನ್ ನೋಡುತ್ತಾ ನಿಂತವನಿಗೆ ಬೀಜ ಸೀದದ್ದೇ ಗೊತ್ತಾಗಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಲ್ದೂರಿನ ಪುಡಿ ಅಂಗಡಿ ಚಿಕ್ಕಮ್ಮ ಹಿಂದೆ ಬಂದು ನಿಂತಂತಾಯಿತು...

ಸಂಬಂಧಿಕರೇನಲ್ಲ. ಆಲ್ದೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಊರಿಗೆಲ್ಲ ಚಿಕ್ಕಮ್ಮ. ಬಸ್‌ಸ್ಟ್ಯಾಂಡ್ ಹತ್ತಿರ ಮಗಳ ಜೊತೆ ಕಾಫಿಪುಡಿ ಅಂಗಡಿ ನಡೆಸುತ್ತಿದ್ದರು. ಬೀಜ ಹುರಿಯುವ ಡ್ರಮ್ ಯಾವಾಗ ನಿಲ್ಲಿಸಬೇಕು ಅಂತ ಅವರ ಮೂಗೇ ಹೇಳುತ್ತಿತ್ತು. ಯಾವ ಮನೆಗೆ ಚಿಕೋರಿ ಎಷ್ಟು, ಯಾರಿಗೆ ಬೇಡವೇ ಬೇಡ, ಎಲ್ಲ ಬಾಯಿಪಾಠ.

ಆಮೇಲಾಮೇಲೆ ಪುಡಿ ಸೀದು ಬರತೊಡಗಿತು. ನಮ್ಮ ಕಡೆ ಒಂದು ದಾಕ್ಷಿಣ್ಯ ಇದೆ ನೋಡಿ, ದೊಡ್ಡವರು ಕೈಯಾರೆ ಕೊಟ್ಟದ್ದನ್ನು ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. "ಪುಡಿ ಹೆಂಗಿತ್ತು?" ಅಂತ ಅವರು ಕೇಳಿದರೆ ಗಿರಾಕಿಗಳೆಲ್ಲ "ಪಸಂದಾಗಿತ್ತು ಚಿಕ್ಕಮ್ಮ" ಅನ್ನುತ್ತಿದ್ದರು. ಮನೆಗೆ ಹೋಗಿ ಬೇರೆ ಅಂಗಡಿಯದ್ದು ಕುಡಿಯುತ್ತಿದ್ದರು. ಇಡೀ ಊರೇ ಹಾಗೆ.

ನಾನು ಡಾಕ್ಟರಲ್ಲ. ಏನಾದರೊಂದು ತಲೆಗೆ ಹತ್ತಿದರೆ ಫೋನಿನಲ್ಲಿ ಓದುತ್ತಾ ಕೂರುವ ಜಾತಿ. ಮರೆವಿನ ಕಾಯಿಲೆ ಶುರುವಾಗುವಾಗ ಕೆಲವರಿಗೆ ವಾಸನೆ ತಿಳಿಯುವುದೂ ಕಡಿಮೆಯಾಗಬಹುದು ಅಂತ ಹಾಗೆಯೇ ಓದಿದ್ದೆ. ಅದೇ ಹೊತ್ತಿಗೆ ಪಂಚಾಯಿತಿ ಹಾಲ್‌ನಲ್ಲಿ ವಯಸ್ಸಾದವರಿಗೆ ನೆನಪಿನ ತಪಾಸಣೆ ಇಟ್ಟರು. ತಾಯಿ ಮಗಳಿಬ್ಬರನ್ನೂ ಹೊರಡಿಸಿಕೊಂಡು ಹೋದೆ.

"ಅಜ್ಜಿ, ಮೂರು ಪದ ಹೇಳ್ತೀನಿ, ಆಮೇಲೆ ಕೇಳ್ತೀನಿ" ಅಂದರು ನರ್ಸ್.

"ಊರಿನ ಅಷ್ಟೂ ಮನೆ ಪುಡಿ ತಲೇಲಿದೆ. ನಿನ್ ಮೂರಕ್ಕೆ ಜಾಗ ಎಲ್ಲಿಂದ ತರ್ಲಿ ಮಾರಾಯ್ತಿ?" ಅಂದರು ಚಿಕ್ಕಮ್ಮ. ಕಾಯುತ್ತಾ ಕೂತವರೆಲ್ಲ ನಕ್ಕರು.

ನರ್ಸ್ ಬರೆಯಲು ಹೇಳಿದ ಗಡಿಯಾರದ ಚಿತ್ರ ಸರಿಯಾಗಿಯೇ ಬರೆದರು. ಮೂರರಲ್ಲಿ ಒಂದು ಪದ ಮಾತ್ರ ತಪ್ಪಿತು. ನರ್ಸ್ ಮಗಳ ಕಡೆ ತಿರುಗಿ, "ಇತ್ತೀಚೆಗೆ ಏನಾದ್ರೂ ಬದಲಾವಣೆ ಕಂಡಿದ್ಯಾ?" ಅಂದರು.

"ಏನಿಲ್ಲ ಸಿಸ್ಟರ್, ಗಟ್ಟಿಯಾಗಿದಾರೆ" ಅಂದಳು ಮಗಳು, ನೆಲ ನೋಡುತ್ತಾ.

ಚಿಕ್ಕಮ್ಮ ಏಳುವುದರಲ್ಲಿದ್ದರು. ಎದ್ದರೆ ಮುಗಿಯಿತು, ಇನ್ನೊಮ್ಮೆ ಬರುವವರಲ್ಲ. ನಾನೇ ಹೇಳಿದೆ. "ಪುಡಿ ಸೀದಿರೋದು ಇವರಿಗೆ ಗೊತ್ತಾಗ್ತಿಲ್ಲ ಸಿಸ್ಟರ್. ತುಂಬಾ ದಿನ ಆಯ್ತು."

ಚಿಕ್ಕಮ್ಮ ಅಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲ ಅವರ ಗಿರಾಕಿಗಳೇ. ಯಾರೂ ತಲೆ ಎತ್ತಲಿಲ್ಲ.

"ಎಲ್ರಿಗೂ ಗೊತ್ತಿತ್ತಾ?"

ಆ ದನಿ...

ಮುಂದೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಮರೆವಿನ ಕಾಯಿಲೆಯೇ, ಇನ್ನೂ ಶುರುವಿನಲ್ಲಿದೆ ಅಂದರು. ಬೇಗ ತಿಳಿದದ್ದರಿಂದ ಒಂದೊಂದೇ ಮನೆಯ ಪುಡಿಯನ್ನು ಮಗಳಿಗೆ ಹೇಳಿಕೊಡಲು ಸಮಯ ಸಿಕ್ಕಿತು. ಆದರೆ ಚಿಕ್ಕಮ್ಮ ಆಮೇಲೆ ಯಾರ ಮಾತನ್ನೂ ನಂಬಲಿಲ್ಲ. ಸಾರು ರುಚಿಯಾಗಿದೆ ಅಂದರೂ ಅಷ್ಟೆ, ಸೀರೆ ಒಪ್ಪುತ್ತದೆ ಅಂದರೂ ಅಷ್ಟೆ, ಬೇಲಿಯಾಚೆಯಿಂದ ನನ್ನನ್ನು ಕರೆಯುತ್ತಿದ್ದರು. "ನಿಜ ಹೇಳು ಮಾರಾಯ, ಹೌದಾ?" ನನ್ನ ಹೆಸರು ಮರೆಯಿತು, ಮಗಳ ಹೆಸರೂ ಮರೆಯಿತು. ಆ ಪ್ರಶ್ನೆ ಮಾತ್ರ ಹೋಗಲಿಲ್ಲ...

ಈ ಭಾನುವಾರ ಆಲ್ದೂರಿಗೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದರು, ತೀರಾ ಬಡಕಲಾಗಿದ್ದರು. "ಆರಾಮಾಗಿ ಕಾಣ್ತೀರಿ ಚಿಕ್ಕಮ್ಮ" ಅಂದೆ. ಎಂದಿನ ಹಾಗೆ "ನಿಜ ಹೇಳು" ಅನ್ನಲಿ ಅಂತ ಕಾದೆ.

ಅವರು ಮಗುವಿನ ಹಾಗೆ ನಕ್ಕರು. ನಂಬಿಬಿಟ್ಟರು.