ಒಂದೆರಡು ಕಡೆ ಭಾರಿ ಮಳೆ

ಈ ಬೆಳಿಗ್ಗೆ ಫೋನಿಗೆ ಹವಾಮಾನದ ಸಂದೇಶ ಬಂತು: ‘ಜಿಲ್ಲೆಯ ಒಂದೆರಡು ಕಡೆ ಭಾರಿ ಮಳೆ.’ ನಿಮಗೂ ಬಂದಿರಬಹುದು; ಓದಿ ಸುಮ್ಮನಾಗಿರುತ್ತೀರಿ. ನನಗೆ ಮಾತ್ರ ಆ ‘ಒಂದೆರಡು ಕಡೆ’ ಕಂಡರೆ ಇಂದಿಗೂ ಒಂದು ಹಳ್ಳ ನೆನಪಾಗುತ್ತದೆ.

ತೊಂಬತ್ತರ ದಶಕದಲ್ಲಿ ಹರದನಹಳ್ಳಿಯ ಆಚೆಗಿನ ಒಂದು ಊರಿನಲ್ಲಿ ಮಳೆಮಾಪಕ ನೋಡುವ ಕೆಲಸ ನನ್ನದು. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಮಿಲಿಮೀಟರ್ ಎಂದು ಬರೆದರೆ ಮುಗಿಯಿತು. ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತಲ್ಲ, ಹಾಗಿತ್ತು ನನ್ನ ಉತ್ಸಾಹ. ಒಳಹರಿವು, ವಾಡಿಕೆ ಮಳೆ, ಜಲಾನಯನ ಎಂದು ಕೇಳದವರಿಗೂ ಹೇಳುತ್ತಿದ್ದೆ. ಯಾವ ನೆಲದ ಮೇಲೆ ಬಿದ್ದ ಮಳೆ ಹರಿದು ಹಳ್ಳ ಸೇರುತ್ತದೋ ಆ ನೆಲವೆಲ್ಲ ಹಳ್ಳದ ಜಲಾನಯನ. ಬಾಯಿಪಾಠವಾಗಿತ್ತು.

ಊರಿನವರು ಮಣ್ಣು ಬಗೆದು, ಹದ ಎಷ್ಟು ಗೇಣು ಇಳಿದಿದೆ ಎಂದು ಮಳೆ ಅಳೆಯುವವರು. ಆದರೂ ನನ್ನ ಗಾಜಿನ ಮೇಲೆ ಅವರಿಗೇನೋ ಭಕ್ತಿ. ಕುರಿ ಮೇಯಿಸುವ ಮಾದಮ್ಮ ದಿನವೂ ಮಾಪಕದ ಬೇಲಿಯಾಚೆ ಕಾದು ನಿಂತು ಕೇಳಿಯೇ ಹೋಗುತ್ತಿದ್ದಳು.

“ಎಷ್ಟು ಬಿದ್ದದ ಸಾ?” ಎಂದಳು ಒಂದು ಬೆಳಿಗ್ಗೆ.

“ನಾಲ್ಕೇ ಮಿಲಿಮೀಟರ್ ಕಣಕ್ಕ.”

“ಮ್ಯಾಲ ಬೆಟ್ಟದ ಕಡ ಕಪ್ಪಗದ. ಹಳ್ಳಕ್ಕ ಕುರಿ ಇಳಿಸ್ಬೋದಾ?”

ಹಿಂದಿನ ಸಂಜೆ ರೇಡಿಯೋದಲ್ಲೂ ‘ಒಂದೆರಡು ಕಡೆ ಭಾರಿ ಮಳೆ’ ಎಂದಿದ್ದರು. ಒಂದೆರಡು ಕಡೆ ಎಂದರೆ ನಮ್ಮ ಕಡೆಯಲ್ಲ ಎಂದು ನಾನೇ ತೀರ್ಮಾನಿಸಿದ್ದೆ. “ನಾಲ್ಕು ಮಿಲಿಮೀಟರಿಗೆ ಹಳ್ಳ ಬರುತ್ತಾ? ಧೈರ್ಯವಾಗಿ ಇಳಿಸಿ,” ಎಂದೆ.

ಹತ್ತು ಗಂಟೆಗೆ ಬೆಟ್ಟದ ಬದಿಯ ಪುಣಜನೂರಿನ ಕಡೆಯಿಂದ ಬಸ್ಸು ಬಂತು, ಮೈಯೆಲ್ಲ ಕೆಸರು. ಕಂಡಕ್ಟರ್ ಇಳಿದವನೇ, “ಮ್ಯಾಲ ರಾತ್ರಿಯೆಲ್ಲ ಉಯ್ದುಬುಟ್ಟದ ಕಣಪ್ಪ,” ಎಂದ.

ನಮ್ಮ ಹಳ್ಳ ಹುಟ್ಟುವುದೇ ಆ ಬೆಟ್ಟದಲ್ಲಿ. ನನ್ನ ಡಬ್ಬಿ ಅಳೆದದ್ದು ಡಬ್ಬಿಯೊಳಗೆ ಬಿದ್ದ ಮಳೆಯನ್ನು ಮಾತ್ರ. ಬಾಯಿಪಾಠದ ಜಲಾನಯನ ಆಗ ಅರ್ಥವಾಯಿತು.

ಸೈಕಲ್ ಏರಿ ತುಳಿದೆ. ಹಳ್ಳದ ಮರಳು ಇನ್ನೂ ಒಣಗಿಯೇ ಇತ್ತು. ಮಾದಮ್ಮ ನಡುವಿನ ಗುಂಡಿಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಮೇಲೆ ಹತ್ತಿ ಎಂದು ಕೂಗಿದೆ.

“ನೀವೇ ಅಲ್ವಾ ಸಾ ಹಳ್ಳ ಬರಾಕಿಲ್ಲ ಅಂದದ್ದು?” ಎಂದು ನಕ್ಕಳು. ನಿಂತಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ಮೇಲಿನ ತಿರುವಿನಿಂದ ಸದ್ದು ಕೇಳಿಸಿತು. ಕಸಕಡ್ಡಿ ಹೊತ್ತ ಕೆಂಪು ನೀರು ಹಳ್ಳದ ಅಗಲಕ್ಕೂ ಬರುತ್ತಿತ್ತು. ಇಳಿದು ಓಡಿ, ಅವಳ ರಟ್ಟೆ ಹಿಡಿದು ಎಳೆದೆ. ಮುಂದಿನ ಕುರಿ ದಡ ಹತ್ತಿತು, ಉಳಿದವು ಅದರ ಹಿಂದೆಯೇ ಹತ್ತಿದವು. ಗಬ್ಬದ ಕುರಿಯೊಂದು ಮಾತ್ರ ಓಡಲಾರದೆ ಹಿಂದುಳಿಯಿತು. ಮಾದಮ್ಮ ಅದಕ್ಕಾಗಿ ತಿರುಗಿ ಇಳಿಯಹೋದಳು. ನಾನು ಕೈ ಬಿಡಲಿಲ್ಲ. ನಮ್ಮ ಕಣ್ಣೆದುರಿಗೇ ಅದು ಹೋಯಿತು.

ದಡದಲ್ಲಿ ಕೂತು ಅತ್ತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಎಂಟೂವರೆಗೆ ಮತ್ತೆ ಬೇಲಿಯಾಚೆ ನಿಂತಿದ್ದಳು. “ಎಷ್ಟು ಬಿದ್ದದ ಸಾ?”

“ಇಲ್ಲಿ ಏನೂ ಇಲ್ಲ ಅಕ್ಕ. ಮೇಲೆ ಎಷ್ಟೋ, ನನಗೆ ಗೊತ್ತಿಲ್ಲ.”

“ನಿನ್ನೆಯೂ ಇಷ್ಟೇ ಅಂದಿದ್ರ ಸಾಕಾಗಿತ್ತು,” ಎಂದು ಕುರಿಗಳನ್ನು ಸೇತುವೆಯ ಕಡೆ ಹೊಡೆದುಕೊಂಡು ಹೋದಳು.

ಈಗ ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿದ್ದೇನೆ. ಮಳೆ ಬರುತ್ತಾ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಮಳೆ ಅಳೆದವರೇ ಹೀಗಂದರೆ ಹೇಗೆ ಎಂದು ನಗುತ್ತಾರೆ. ನಗಲಿ. ‘ಗೊತ್ತಿಲ್ಲ’ ಎಂಬ ಆ ಒಂದು ಮಾತು ಕಲಿಯಲು ನಾನು ಏನನ್ನೂ ಕಳೆದುಕೊಳ್ಳಲಿಲ್ಲ, ಕಳೆದುಕೊಂಡವಳು ಮಾದಮ್ಮ.