ಮಾತು ಯಾರದು?

ಮದುವೆ ಸೀರೆಯನ್ನು ಮೊಬೈಲಿನಲ್ಲಿ ನೋಡಿ ಮನೆಗೆ ತರಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಯುಗಾದಿ ಮುಗಿಯಿತೆಂದರೆ ಕಂಪ್ಲಿ, ಸಂಡೂರು, ಬಂಡ್ರಿ ಕಡೆಯ ಮನೆತನಗಳು ಮುಂಜಾನೆಯ ಬಸ್ಸಿಗೆ ಹೊಸಪೇಟೆಗೆ ಬಂದಿಳಿಯುತ್ತಿದ್ದವು. ಒಬ್ಬಿಬ್ಬರಲ್ಲ, ಅಜ್ಜನಿಂದ ಹಿಡಿದು ಕಂಕುಳ ಕೂಸಿನವರೆಗೆ ಇಡೀ ಮನೆ. ಕೈಯಲ್ಲಿ ರೊಟ್ಟಿ ಬುತ್ತಿ, ಬಾಯಲ್ಲಿ ಎಲೆ ಅಡಿಕೆ. ಅವರಲ್ಲಿ ಹಲವರು ನೇರವಾಗಿ ನಮ್ಮ ಜವಳಿ ಅಂಗಡಿಗೆ ಬರುತ್ತಿದ್ದರು.

ಅಪ್ಪನದು ಗಡಿಯಾರದಂಥ ಬದುಕು. ಬೆಳಕು ಹರಿಯುವ ಮುಂಚೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ಒಂದು ಲೋಟ ಹಾಲು, ಅಂಗಡಿ. ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ. ಕಸ ಗುಡಿಸಿದ ಮೇಲೆ ಗಾದಿಗೆ ಬಿಳಿ ಹಾಸು ಹಾಸುವುದು ನನ್ನ ಕೆಲಸ. ಒಂದು ಸುಕ್ಕು ಉಳಿದರೂ ಅಪ್ಪ ಮತ್ತೆ ಹಾಸಿಸುತ್ತಿದ್ದರು. ನನಗೆ ಅದೇ ಇಷ್ಟ. ಹೊಸ ಬಟ್ಟೆಯ ಗಂಜಿಯ ವಾಸನೆ, ಊದಿನಕಡ್ಡಿಯ ಹೊಗೆ, ಎದುರಿನ ಬಂಡಿಯಲ್ಲಿ ಕರಿಯುವ ಮಿರ್ಚಿಯ ಘಾಟು, ಇವು ಮೂರೂ ಸೇರಿದರೆ ನಮ್ಮ ಅಂಗಡಿ. ಗಾದಿಯ ಮೇಲೆ ಅಪ್ಪನ ಎಡಕ್ಕೆ ನನ್ನ ಜಾಗ. ಆ ಜಾಗ ಬಿಟ್ಟು ಬೇರೆ ಏನೂ ನನಗೆ ಬೇಕಿರಲಿಲ್ಲ.

ಬಂದವರಿಗೆಲ್ಲ ನೀರು ಕೊಡುವುದೂ ನನ್ನ ಕೆಲಸವೇ. ಅದು ಬರೀ ನೀರು ಕೊಡುವುದಲ್ಲ. ಮದುವೆ ಜವಳಿಗೆ ಬಂದ ಗುಂಪಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಸೀರೆ ಒಪ್ಪುವ ಕೊನೆಯ ಮಾತು ಮಾತ್ರ ಒಬ್ಬರದೇ. ಆ ಒಬ್ಬರು ಯಾರೆಂದು ತಿಳಿಯದೆ ಗಂಟು ಬಿಚ್ಚಿದರೆ ಗುಡ್ಡದಷ್ಟು ಸೀರೆ ಹರಡಿದರೂ ವ್ಯಾಪಾರ ಕುದುರುವುದಿಲ್ಲ. ನೀರು ಕೊಟ್ಟು ಬಂದ ನನ್ನನ್ನು ಅಪ್ಪ ಮೆಲ್ಲಗೆ ಕೇಳುತ್ತಿದ್ದರು, "ಮಾತು ಯಾರ್ದು?"

ಅದಕ್ಕೆ ನಾನು ನಿಯಮ ಮಾಡಿಕೊಂಡಿದ್ದೆ. ಸೊಂಟದಲ್ಲಿ ಬೀಗದಕೈ ಗೊಂಚಲು ಇದ್ದವರು. ಮೊದಲು ಕುಳಿತವರು. ಮೈಮೇಲೆ ಹೆಚ್ಚು ಬಂಗಾರ ಇದ್ದವರು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತಿದ್ದೆ. ಸಾಮಾನ್ಯವಾಗಿ ಸರಿ ಹೋಗುತ್ತಿತ್ತು. ಸರಿ ಹೋದಾಗ ಅಪ್ಪ ಗಾದಿಯ ಮೇಲೆ ನನ್ನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಆ ಬೇಸಿಗೆ ನೀಲಿ ಬಂದಳು.

ನೀಲಿ ನನ್ನ ಸೋದರತ್ತೆಯ ಮಗಳು, ಬಂಡ್ರಿಯವಳು, ನನಗಿಂತ ಚಿಕ್ಕವಳು. ತಾಯಿ ತೀರಿಕೊಂಡಿದ್ದಳು. ತಂದೆ ಸಂಡೂರಿನ ಗಣಿಯಲ್ಲಿ ದುಡಿಯುತ್ತಿದ್ದ. ಹೀಗಾಗಿ ಅವಳು ಸ್ವಲ್ಪ ದಿನ ದೊಡ್ಡಪ್ಪನ ಮನೆ, ಸ್ವಲ್ಪ ದಿನ ಚಿಕ್ಕಮ್ಮನ ಮನೆ ಎಂದು ಓಡಾಡಿಕೊಂಡಿದ್ದಳು. ರಜೆಗೆ ನಮ್ಮ ಮನೆಯ ಪಾಳಿ. ತಲೆ ತುಂಬ ಎಣ್ಣೆ, ಉದ್ದದ ಲಂಗ, ಜಾಸ್ತಿ ಮಾತಿಲ್ಲ. ಬಂದ ದಿನವೇ ಹಿತ್ತಲಲ್ಲಿ ಹುಣಸೆ ಬೀಜದ ಆಟ ಆಡಿದೆವು. ಬೀಜವನ್ನು ಒಂದು ಮುಷ್ಟಿಯಲ್ಲಿ ಬಚ್ಚಿಟ್ಟು ಯಾವ ಕೈಯಲ್ಲಿದೆ ಎಂದು ಕೇಳುವುದು. ಅವಳು ನನ್ನ ಕೈ ನೋಡಲೇ ಇಲ್ಲ. ಮುಖ ನೋಡಿದಳು.

"ಎಡಗೈ ಅಕ್ಕ."

ಮತ್ತೆ ಬಚ್ಚಿಟ್ಟೆ. "ಅದಾ ಕೈ. ಬದ್ಲಿ ಮಾಡೀನಿ ಅನ್ನೋ ಹಂಗ ನಟನಿ ಮಾಡೀದಿ."

ನಾನು ಬೀಜವನ್ನು ಬೇಲಿಯಾಚೆ ಎಸೆದು, ಇದು ಸಣ್ಣ ಮಕ್ಕಳ ಆಟ ಎಂದೆ.

ಊಟಕ್ಕೆ ಕುಳಿತಾಗಲೂ ಅವಳು ಹಾಗೆಯೇ. ಅಮ್ಮ ಇನ್ನೊಂದು ರೊಟ್ಟಿ ಹಾಕಲು ಹೋದರೆ ಮೊದಲು ಅಮ್ಮನ ಮುಖ, ಆಮೇಲೆ ರೊಟ್ಟಿ ಬುಟ್ಟಿ, ಆಮೇಲೆ, "ಸಾಕು ಅತ್ತಿ." "ನೋಡ್ರಿ, ಬುಟ್ಟ್ಯಾಗ ಎಷ್ಟು ಅದಾವ ಅಂತ ನೋಡಿ ಹಸಿವಿ ಹೇಳ್ತಾಳ ಇಕಿ" ಎಂದು ಅಮ್ಮ ಅಪ್ಪನಿಗೆ ಹೇಳಿ, ಅವಳ ತಾಟಿಗೆ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ನನ್ನ ರೊಟ್ಟಿಗೆ ಶೇಂಗಾ ಚಟ್ನಿಯಷ್ಟೇ. ಆ ಬೆಣ್ಣೆ ಕರಗಿ ಹರಿದದ್ದು ನನಗೆ ಈಗಲೂ ಕಾಣುತ್ತದೆ.

ಮರುವಾರ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆ ಮಂದಿ ಬಂದರು. ನಾನು ನೀರು ಕೊಟ್ಟೆ. ಕತ್ತಿನ ತುಂಬ ಬಂಗಾರ, ಸೊಂಟದಲ್ಲಿ ಬೀಗದಕೈ, ಮೊದಲು ಕುಳಿತಿದ್ದೂ ಅವರೇ. ನನ್ನ ನಿಯಮಗಳೆಲ್ಲ ಒಬ್ಬ ಹೆಂಗಸಿನಲ್ಲೇ ಸೇರಿದ್ದವು. ಅಪ್ಪನ ಕಿವಿಯಲ್ಲಿ ಹೇಳಿದೆ. ಅಪ್ಪ ರೇಷ್ಮೆ ಗಂಟು ಬಿಚ್ಚಿದರು. ಆಕೆ ಎಲ್ಲವನ್ನೂ ಚಂದ ಎಂದರು. ಎಲ್ಲವೂ ಚಂದವಾದ ಮೇಲೆ ಎದ್ದು, "ಒಂದ್ ಸುತ್ತು ಹಾಕ್ಕೊಂಡ್ ಬರ್ತೀವ್ರಿ ಸಾವಕಾರ್ರ" ಎಂದು ಹೊರಟೇಬಿಟ್ಟರು.

ಮೂಲೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ ನೀಲಿ ಆಗ ಬಾಯಿ ಬಿಟ್ಟಳು. "ಮಾಮಾ, ಹೊರಗ ಕಟ್ಟಿ ಮ್ಯಾಲ ಕುಂತಿದ್ಲಲ್ಲ ಅಜ್ಜಿ, ಆಕಿನ್ನ ಯಾರೂ ಒಳಗ ಕರೀಲೇ ಇಲ್ಲ."

"ಯಾವ ಅಜ್ಜಿ?"

"ಬಿಳಿ ಸೀರಿ ಅಜ್ಜಿ. ಆ ಅಮ್ಮೋರು ಚಂದೈತಿ ಅಂದಾಗೊಮ್ಮಿ ಬಾಗ್ಲ ಕಡಿ ನೋಡ್ತಿದ್ರು."

ನಮ್ಮ ಕಡೆ ಗಂಡನನ್ನು ಕಳೆದುಕೊಂಡ ಹೆಂಗಸರು ಮದುಮಗಳ ಸೀರೆಗೆ ಕೈ ತಾಗಿಸದೆ ದೂರ ಕೂರುವ ಪದ್ಧತಿ ಇತ್ತು. ಹಾಗಾಗಿ ಹೊರಗೆ ಕುಳಿತವರಿಗೆ ನಾನು ನೀರನ್ನೂ ಕೊಟ್ಟಿರಲಿಲ್ಲ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಇಳಿದರು. ಆ ಅಜ್ಜಿಗೆ ಕೈ ಮುಗಿದು ಕರೆತಂದರು. "ನೀವು ಮುಟ್ಟಬ್ಯಾಡ್ರಿ ತಾಯಿ, ಇಲ್ಲೇ ಕುಂತು ಕಣ್ಣಿಲೆ ನೋಡ್ರಿ ಸಾಕು." ಅಜ್ಜಿ ಕುಳಿತರು, ಹಿಂದೆಯೇ ಮನೆ ಮಂದಿಯೂ. ಗಿಳಿ ಹಸಿರಿನ ಸೀರೆ ಬಿಚ್ಚಿದಾಗ ಹೌದೆನ್ನುವಂತೆ ತಲೆಯಾಡಿಸಿದರು. ಮುಗಿಯಿತು. ಬಂಗಾರದ ಹೆಂಗಸು, "ಹೂಂ, ಅದನ್ನ ಕಟ್ರಿ" ಎಂದರು.

ಮರುದಿನ ನಾನು ಹಾಸಿದ ಗಾದಿಯ ಮೇಲೆ, ಅಪ್ಪನ ಎಡಕ್ಕೆ, ನೀಲಿ ಕುಳಿತಿದ್ದಳು. ಅಪ್ಪನೇ ಕರೆದು ಕೂರಿಸಿದ್ದರು. ನನಗೆ ಬಟ್ಟೆ ಮಡಚುವ ಕೆಲಸ ಬಂತು.

ಅಂಗಡಿಯಲ್ಲಿ ಕೆಲಸ ಮಾಡುವ ಕೊಟ್ರಪ್ಪ ಎಂಬಾತನಿದ್ದ, ಬಾಯಿ ಸುಮ್ಮನಿರದವನು. "ಏನ್ ಗಿರಿಜವ್ವಾ, ಎದುರಿನ ಮಿರ್ಚಿ ಬಂಡಿ ನಿನ್ನ ಮಾರಿ ಮ್ಯಾಲ ಬಂದೈತೇನು? ಹೊಗಿ ಏಳಾಕತ್ತೈತಿ!" ಎಂದ. ನಾನು ಮಡಚಿದ ಸೀರೆಗಳ ಅಂಚಿಗೆ ಅಂಚು ಕೂಡಿಸಿದೆ. ಆ ಬೇಸಿಗೆಯಲ್ಲಿ ನಮ್ಮ ಅಂಗಡಿಯ ಸೀರೆಗಳಷ್ಟು ನೆಟ್ಟಗೆ ಇಡೀ ಪೇಟೆಯಲ್ಲಿ ಯಾರ ಸೀರೆಯೂ ಇರಲಿಲ್ಲ.

ಮಡಚುತ್ತಲೇ ಅವಳನ್ನು ನೋಡುತ್ತಿದ್ದೆ. ಗಿರಾಕಿಗಳನ್ನಲ್ಲ, ನೀಲಿಯನ್ನು. ಅವಳು ಯಾರನ್ನು ಎಷ್ಟು ಹೊತ್ತು ನೋಡುತ್ತಾಳೆ, ನೀರಿನ ಲೋಟ ಹೇಗೆ ಹಿಡಿಯುತ್ತಾಳೆ, ಅಪ್ಪನಿಗೆ ಹೇಳುವ ಮುಂಚೆ ಕಾಲ ಬೆರಳು ಹೇಗೆ ಮಡಚುತ್ತಾಳೆ. ಅವಳ ತಪ್ಪು ಹಿಡಿಯಬೇಕಿತ್ತು. ಅವಳು ತಪ್ಪುತ್ತಿರಲಿಲ್ಲ. ಅಪ್ಪ ದಿನಾ ಅವಳಿಗೆ ಕಬ್ಬಿನ ಹಾಲು ತರಿಸುತ್ತಿದ್ದರು. ನನಗೂ ತರಿಸುತ್ತಿದ್ದರು, ಆದರೆ ಲೋಟ ಮೊದಲು ಅವಳ ಕೈಗೆ ಹೋಗುತ್ತಿತ್ತು. ಒಂದು ಸಂಜೆ ನಾನು ಊಟ ಒಲ್ಲೆ ಎಂದೆ. ಬೆಳಿಗ್ಗೆ ತಿಂಡಿಯೂ ಬೇಡ ಎಂದೆ. ಅಮ್ಮ ಬಿಸಿಲಿಗೆ ಪಿತ್ತವಾಗಿದೆ ಎಂದು ಮಜ್ಜಿಗೆ ಕುಡಿಸಿದಳು.

ಆ ದಿನ ಸಂಡೂರಿನಿಂದ ದೊಡ್ಡ ಗುಂಪು ಬಂತು. ಮುಂದೆ ಹುರಿಮೀಸೆಯ ಯಜಮಾನ. ಅವರ ದನಿಗೆ ಕಪಾಟಿನ ಗಾಜು ಅದುರಬೇಕು. ಅವರ ಹೆಂಡತಿ, ಮದುಮಗಳು, ಅತ್ತೆ, ಚಿಕ್ಕಮ್ಮ, ಹಿಂದೆ ಗೋಡೆಗೆ ಒರಗಿ ಕೂಸನ್ನು ಎತ್ತಿಕೊಂಡ ಹಿರಿಸೊಸೆ. ನೀಲಿ ನೀರು ಕೊಟ್ಟು ಬಂದಳು. ಅಪ್ಪನಿಗೆ ಏನನ್ನಿಸಿತೋ, ಅಂದು ನನ್ನನ್ನೂ ಕರೆದರು.

"ಲೇ ಗಿರಿಜಾ, ನೀ ಹೇಳು. ಮಾತು ಯಾರ್ದು?"

ಎಷ್ಟೋ ದಿನಗಳ ಮೇಲೆ ಆ ಪ್ರಶ್ನೆ ನನ್ನ ಪಾಲಿಗೆ ಬಂದಿತ್ತು. ಆತುರಪಟ್ಟೆ. "ಮೀಸಿ ಅಜ್ಜಾರ್ದು."

ಅಪ್ಪ ನೀಲಿಯತ್ತ ತಿರುಗಿದರು. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವಳ ಕಣ್ಣು ಒಂದೇ ಒಂದು ಕ್ಷಣ ಗೋಡೆಯ ಕಡೆ ಹೋಗಿ ಬಂತು. "ಹೌದು ಮಾಮಾ. ಅಕ್ಕ ಹೇಳಿದ್ದಾ ಖರೆ."

ನಾನು ಗೆದ್ದಿದ್ದೆ. ಅಪ್ಪನ ಕೈ ಆಗಲೇ ಮೀಸೆ ಯಜಮಾನರ ಮುಂದೆ ಗಂಟು ಬಿಚ್ಚಲು ಹೋಗಿತ್ತು. ಆದರೆ ಅಷ್ಟು ದಿನ ನಾನು ಬೇರೇನೂ ನೋಡಿರಲಿಲ್ಲ, ಅವಳನ್ನೇ ನೋಡಿದ್ದೆ. ಅವಳ ಕಾಲ ಬೆರಳು ಮಡಚಿರಲಿಲ್ಲ. ಎಲ್ಲರಿಗೂ ಒಂದೇ ಕೈಯಲ್ಲಿ ನೀರು ಕೊಟ್ಟವಳು ಕೂಸಿನ ತಾಯಿಗೆ ಮಾತ್ರ ಎರಡೂ ಕೈಯಲ್ಲಿ ಕೊಟ್ಟಿದ್ದಳು. ಅವಳು ಬಿಟ್ಟುಕೊಟ್ಟ ಗೆಲುವು ನನಗೆ ಬೇಕಿರಲಿಲ್ಲ.

"ಸುಳ್ಳು!" ಎಂದೆ. "ಸುಳ್ಳು ಹೇಳ್ತಾಳಪ್ಪ ಇಕಿ! ಆ ಕೂಸು ಎತ್ಕೊಂಡಾರಲ್ಲ, ಮಾತು ಅವರ್ದು. ಇಕಿಗೆ ಗೊತ್ತೈತಿ, ಬೇಕಂತ ತಪ್ಪು ಹೇಳ್ಯಾಳ!"

ಮೀಸೆ ಯಜಮಾನರು ಒಮ್ಮೆ ನನ್ನನ್ನು, ಒಮ್ಮೆ ಸೊಸೆಯನ್ನು ನೋಡಿ ಗಹಗಹಿಸಿ ನಕ್ಕರು. "ಎಲಾ ಇವಳ! ಸಾವಕಾರ್ರ, ನಿಮ್ಮ ಹುಡ್ಗಿ ಭಾರಿ ಅದಾಳ ಬಿಡ್ರಿ. ನಮ್ಮ ಮನ್ಯಾಗ ಈಕಿ ಹೂಂ ಅನ್ನಲಾರ್ದ ಒಲಿ ಸೈತ ಹತ್ತಂಗಿಲ್ಲ. ಬಾರವ್ವಾ, ಮುಂದ ಬಾ, ಗುಟ್ಟು ಹೊರಗ ಬಿತ್ತು."

ಸೊಸೆ ನಾಚಿ ಮುಂದೆ ಬಂದರು. ಕೊಟ್ರಪ್ಪ ಗಂಟು ಬಿಚ್ಚತೊಡಗಿದ. ಅಪ್ಪ ನೀಲಿಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದರು, "ಯಾಕವಾ ಹಂಗ ಹೇಳಿದಿ?"

ಅವಳು ತಲೆ ತಗ್ಗಿಸಿದಳು. ಅವಳ ಮುಖದಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು. "ಅಕ್ಕ ನಿನ್ನೆಯಿಂದ ಉಂಡಿಲ್ಲ ಮಾಮಾ. ಪಿತ್ತ ಅಲ್ಲದು. ಗಾದಿ ಕಡಿ ನೋಡ್ದಾಗೊಮ್ಮಿ ಗುಟುಕು ನುಂಗ್ತಾಳ. ಇವತ್ತು ಆಕಿ ಅಂದಿದ್ದಾ ಖರೆ ಆಗ್ಲಿ ಅಂತ..."

ಅಪ್ಪ ಅವಳ ಕೈ ಹಿಡಿದು ಮರಳಿ ಬಂದು ಕುಳಿತರು. ಆಮೇಲೆ ಗಾದಿಯ ಎಡಭಾಗವನ್ನು ತಟ್ಟಿದರು. "ಗಿರಿಜಾ, ಬಾ ಕುಂದ್ರು. ಇವತ್ತು ನೋಡ್ದಾಕಿ ನೀನು."

ಹೋಗಿ ಕುಳಿತೆ. ನನ್ನ ಜಾಗ, ನಾನೇ ಸುಕ್ಕಿಲ್ಲದಂತೆ ಹಾಸಿದ ಹಾಸು, ನ್ಯಾಯವಾಗಿ ಗೆದ್ದದ್ದು. ಆದರೆ ಅಪ್ಪ ಅವಳನ್ನು ಬಲಕ್ಕೆ ಕೂರಿಸಿಕೊಂಡಿದ್ದರು. ಅವರ ಕೈ ಅವಳ ಎಣ್ಣೆ ತಲೆಯ ಮೇಲಿತ್ತು, ವ್ಯಾಪಾರ ಮುಗಿಯುವವರೆಗೂ ಅಲ್ಲೇ ಇತ್ತು. ಅದನ್ನು ಗೆಲ್ಲುವ ದಾರಿ ನನಗೆ ತಿಳಿದಿರಲಿಲ್ಲ.

ಶಾಲೆ ಶುರುವಾಗುವ ಮುಂಚೆ ಅವಳ ತಂದೆ ಬಂದು ಕರೆದೊಯ್ದ. ಬಸ್ ನಿಲ್ದಾಣದಲ್ಲಿ ಅಮ್ಮ ಅತ್ತಳು. ನೀಲಿಗೆ ನಮ್ಮನ್ನು ಬಿಟ್ಟು ಹೋಗಲು ದುಃಖವಿದೆಯೇ, ಇಲ್ಲವೇ ಎಂದು ನಾನು ಅವಳ ಮುಖವನ್ನೇ ನೋಡಿದೆ. ಏನೂ ತಿಳಿಯಲಿಲ್ಲ. ಕಿಟಕಿಯಿಂದ ಬಗ್ಗಿ, "ಅಕ್ಕಾ, ಈಗ ಉಣ್ಣು" ಎಂದಷ್ಟೇ ಹೇಳಿದಳು.

ಇದೆಲ್ಲ ಆಗಿ ಒಂದು ಜೀವಮಾನವೇ ಕಳೆಯಿತು. ನಾನು ಶಾಲಾ ಶಿಕ್ಷಕಿಯಾಗಿ ನಿವೃತ್ತಳಾದೆ. ಮಕ್ಕಳ ಸುಳ್ಳು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅದನ್ನು ಯಾರಿಂದ ಕಲಿತೆನೆಂದು ನಾನು ಯಾರಿಗೂ ಹೇಳಿದ್ದಿಲ್ಲ. ಅಪ್ಪ ಹೋದರು. ಅಂಗಡಿ ಇದ್ದಲ್ಲಿ ಈಗ ಗಾಜಿನ ಬಾಗಿಲಿನ ಮಳಿಗೆ ಇದೆ, ಗಾದಿ ಇಲ್ಲ, ಎಲ್ಲರೂ ನಿಂತೇ ಕೊಳ್ಳುತ್ತಾರೆ. ಮದುಮಗಳು ಮೊಬೈಲ್ ತೋರಿಸಿ, ಇಂಥದ್ದೇ ಬೇಕು ಎನ್ನುತ್ತಾಳೆ. ಅಲ್ಲಿ ಯಾರ ಮುಖವನ್ನೂ ಯಾರೂ ನೋಡಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ನೀಲಿಯೂ ಹೋದಳು. ಬಂಡ್ರಿಗೆ ಹೋಗಿದ್ದೆ. ಅಂಗಳದ ತುಂಬ ನನಗೆ ಗುರುತಿಲ್ಲದ ಹೆಂಗಸರು. "ಬಾಗ್ಲಾಗ ನಿಂತ್ರ ಸಾಕಿತ್ರಿ, ನಾ ಬಾಯಿ ಬಿಡೋದ್ರಾಗ ತಿಳ್ಕೊಂತಿದ್ಲು ನಮ್ಮ ನೀಲಕ್ಕ" ಎಂದು ಒಬ್ಬೊಬ್ಬರೂ ಅಳುತ್ತಿದ್ದರು. ಇಷ್ಟು ಜನರ ಮುಖವನ್ನು ಅವಳು ಓದಿದ್ದಳೇ ಎಂದು ಆ ವಯಸ್ಸಿನಲ್ಲೂ ನನ್ನ ಹೊಟ್ಟೆ ಉರಿಯಿತು.

ಈಗಲೂ ನಾನು ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಹಾಸಿಗೆಯ ಸುಕ್ಕು ಬಿಡಿಸುತ್ತೇನೆ, ವಾಕಿಂಗ್ ಹೋಗುತ್ತೇನೆ. ಕಾಲುವೆ ದಂಡೆಯಲ್ಲಿ ಎದುರಾದವರು ಕೇಳುತ್ತಾರೆ, "ಆರಾಮಿದ್ದೀರೇನ್ರಿ ಟೀಚರ್?"

"ಆರಾಮ್ರೀ" ಎನ್ನುತ್ತೇನೆ.

ನಂಬಿಬಿಡುತ್ತಾರೆ.